ಬಲಗಾಲಿನ ಎರಡನೇ ಬೆರಳು

ವೀರನಹೊಸಹಳ್ಳಿ
12 ಜೂನ್ 2024

ಚೆಲುವಯ್ಯನವರಿಗೆ,

ಟಪಾಲು ಹಂಚುವ ಶ್ಯಾಮಲಾ ಮಾಡುವ ನಮಸ್ಕಾರ. ಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲ ನೆಟ್ಟಗಿದೆ.

ಹುಣಸೂರು ಬಸ್ ಸ್ಟ್ಯಾಂಡಿನ ಮುಂದೆ ನೀವು ಕೂರುತ್ತಿದ್ದ ಜಾಗದಲ್ಲಿ ಈಗ ಯಾರೋ ಮೊಬೈಲ್ ಕವರ್ ಮಾರುತ್ತಾನೆ. ನಿಮ್ಮನ್ನು ಕೇಳಿದರೆ, "ಆ ಕಿವುಡಯ್ಯನಾ? ಮಗಳ ಮನೆಗೋದ್ರು ಕಣಕ್ಕ, ಹ್ಯಾಂಡ್‌ಪೋಸ್ಟ್‌ಗೆ. ಅಲ್ಲೇ ಬೇಕರಿ ಪಕ್ಕ ಕುಂತವ್ರಂತೆ" ಅಂದ. ಹೇಳದೆ ಕೇಳದೆ ಹೊರಟುಬಿಡುವುದಾ? ಹದಿನಾರು ವರ್ಷದ ಗಿರಾಕಿ ನಾನು. ಫೋನ್ ಮಾಡಿ ಬೈಯೋಣವೆಂದರೆ ಸಿಡಿಲು ಬಿದ್ದರೂ ನಿಮ್ಮ ಕಿವಿಗೆ ಕೇಳುವುದಿಲ್ಲ. ಅದಕ್ಕೇ ಈ ಕಾಗದ. ನನ್ನ ಚೀಲದಲ್ಲಿ ಈಗ ಬರುವುದು ಬ್ಯಾಂಕಿನ ನೋಟೀಸು, ಆಧಾರ್ ಕಾರ್ಡು, ವಿಮೆಯವರ ಲಕೋಟೆ. ಕೈಯಲ್ಲಿ ಬರೆದ ಕಾಗದ ಮುಟ್ಟಿ ಎಷ್ಟು ಕಾಲವಾಯಿತೋ.

ವಿಷಯಕ್ಕೆ ಬರುತ್ತೇನೆ. ನೀವು ಮಾಡಿಕೊಟ್ಟ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಹೆಬ್ಬೆರಳು ತೂರಿಸುವ ಆ ಕುಣಿಕೆ ಇಲ್ಲದೆ ನಾನು ಕಾಡಂಚಿನ ಗಿರಿಜನರ ಹಾಡಿಗಳ ತನಕ ಹೋಗಿ ಬರುವುದು ಹೇಗೆ? ದಿನಕ್ಕೆ ಎಂಟು ಕಿಲೋಮೀಟರು. ಸ್ಕೂಟಿ ಓಡಿಸಲು ಬರುವುದಿಲ್ಲ, ಕಲಿಯುವ ವಯಸ್ಸೂ ಅಲ್ಲ. ಸಾಲದ್ದಕ್ಕೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಆಣಿ ಎದ್ದಿದೆ. ಹೆಜ್ಜೆ ಇಟ್ಟರೆ ಪ್ರಾಣ ಹೋಗುತ್ತದೆ. ಹುಣಸೂರಿನ ಮೆಡಿಕಲ್ ಸ್ಟೋರಿನ ಕನಕರಾಜು ಹತ್ತಿರ ಆಣಿ ಪಟ್ಟಿ ತಂದು ಅಂಟಿಸಿದೆ. ಚರ್ಮ ಸುಟ್ಟುಕೊಂಡು ಬಂತು, ಗಂಟು ಅಲ್ಲೇ ಕೂತಿದೆ.

ಪಾದದ ಅಳತೆಯನ್ನು ಪೇಪರಿನ ಮೇಲೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಆಣಿಗೆ ತೊಂದರೆಯಾಗದ ಹಾಗೆ ಒಂದು ಜೊತೆ ಮಾಡಿ ಕಳಿಸಿ. ಹಣ ಮನಿಯಾರ್ಡರ್ ಮಾಡುತ್ತೇನೆ.

ನಿಮ್ಮನ್ನು ಇನ್ನೂ ಬೈಯಬೇಕೆಂದಿರುವ
ಶ್ಯಾಮಲಾ


ಹ್ಯಾಂಡ್‌ಪೋಸ್ಟ್
25 ಜೂನ್ 2024

ಶ್ಯಾಮಲಮ್ಮನವರಿಗೆ ಚೆಲುವಯ್ಯನ ನಮಸ್ಕಾರಗಳು.

ನಿಮ್ಮ ಕಾಗದ ಕಂಡು ಖುಷಿಯಾಯಿತು. ಮಗಳು ಓದಿ ಹೇಳುತ್ತೇನೆ ಎಂದು ಬಂದಳು, ಬೇಡ ಎಂದೆ. ಓದಿ ಹೇಳಿದರೆ ಕೇಳಬೇಕಲ್ಲ! ಏಳನೇ ಕ್ಲಾಸು ಓದಿದ್ದು ಈ ವಯಸ್ಸಿನಲ್ಲಿ ಕೆಲಸಕ್ಕೆ ಬಂತು.

ಹೇಳದೆ ಬಂದದ್ದು ತಪ್ಪು. ಫುಟ್‌ಪಾತು ಖಾಲಿ ಮಾಡಿ ಎಂದರು, ಮಗಳು ಬಾ ಎಂದಳು, ಬಂದುಬಿಟ್ಟೆ. ಇಲ್ಲಿ ನಾಲ್ಕು ರಸ್ತೆ ಸೇರುವ ಕಡೆ ನೆರಳು ಚೆನ್ನಾಗಿದೆ. ಮೈಸೂರಿಗೆ ಹೋಗುವವರು, ಎಚ್.ಡಿ. ಕೋಟೆಗೆ ಹೋಗುವವರು, ಕೇರಳದ ಕಡೆಯಿಂದ ಬರುವವರು, ಎಲ್ಲರೂ ಇಲ್ಲೇ ಇಳಿದು ಹತ್ತುತ್ತಾರೆ. ನಾನು ಮುಖ ನೋಡುವುದು ಕಡಿಮೆ, ನೋಡುವುದೆಲ್ಲ ಕಾಲು. ಕಾಲು ನೋಡಿದರೆ ಹಳಬರು ಯಾರು ಹೊಸಬರು ಯಾರು ಗೊತ್ತಾಗುತ್ತದೆ. ಗುರುತಿನವರೂ ಸಿಗುತ್ತಾರೆ. ಯಾರ್ಯಾರೋ ಸಿಗುತ್ತಾರೆ. ಅದಿರಲಿ.

ಚಪ್ಪಲಿ ಕಳಿಸಿದ್ದೇನೆ. ಹೆಬ್ಬೆರಳ ಬುಡ ಬರುವ ಕಡೆ ಅಡಿಯ ಅಟ್ಟೆಯಲ್ಲಿ ಗುಂಡಗೆ ಗುಳಿ ತೆಗೆದು ಮೆತ್ತನೆಯ ಸ್ಪಂಜು ಕೂರಿಸಿದ್ದೇನೆ. ಆಣಿ ಆ ಗುಳಿಯಲ್ಲಿ ಕೂರುತ್ತದೆ, ನೆಲ ತಾಗುವುದಿಲ್ಲ. ಉಂಗುಷ್ಟವನ್ನು ಎರಡು ಪದರ ಮಾಡಿದ್ದೇನೆ, ಇನ್ನು ಕಿತ್ತು ಬಂದರೆ ಕೇಳಿ.

ಅತ್ತೆಯವರ ಕಣ್ಣು ಹೇಗಿದೆ? ಕೇಳಿದೆನೆಂದು ಹೇಳಿ.

ಇಂತಿ
ಚೆಲುವಯ್ಯ


ವೀರನಹೊಸಹಳ್ಳಿ
6 ಜುಲೈ 2024

ಚೆಲುವಯ್ಯನವರೇ,

ನಿಮ್ಮ ಗುಳಿಗೆ ಬೆಂಕಿ ಹಾಕ! ಆಣಿ ಅಂದರೆ ಅಂಗಾಲಿನ ಅಡಿಯಲ್ಲೇ ಇರಬೇಕಾ? ನನ್ನದು ಪಕ್ಕದಲ್ಲಿದೆ ಮಾರಾಯರೇ, ಒಳಮಗ್ಗುಲಿಗೆ, ಹೆಬ್ಬೆರಳು ಪಾದಕ್ಕೆ ಸೇರುವ ಜಾಗದಲ್ಲಿ. ನಿಂಬೆಹಣ್ಣಿನ ಗಾತ್ರ. ಕೆಂಪಗೆ ಮಿರಮಿರ ಅನ್ನುತ್ತದೆ. ನಿಮ್ಮ ಹೊಸ ಬಾರು ಸರಿಯಾಗಿ ಅದರ ತಲೆಯ ಮೇಲೇ ಕೂತು ಉಜ್ಜುತ್ತಿದೆ, ಗುಳಿ ಅದರ ಪಾಡಿಗೆ ಕೆಳಗೆ ಆರಾಮಾಗಿ ಮಲಗಿದೆ. ನಾನು ಆಣಿ ಎಂದು ಬರೆದೆ, ನಿಜ. ಇನ್ನೇನೆಂದು ಬರೆಯಲಿ? ನಮ್ಮೂರಲ್ಲಿ ಕಾಲಿನ ಮೇಲೆ ಏನು ಎದ್ದರೂ ಆಣಿಯೇ.

ಹಾಡಿಯ ಕೆಂಚಿ ನೋಡಿ ನಕ್ಕಳು. ಅವಳ ಪಿಂಚಣಿ ಕೊಡಲು ಹೋಗಿದ್ದೆ. ಅವಳು ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವಳಲ್ಲ. ಪಾದ ಮೊರದ ಹಾಗೆ ಹರಡಿದೆ, ಐದು ಬೆರಳೂ ಐದು ದಿಕ್ಕಿಗೆ. ಹೊಟ್ಟೆಕಿಚ್ಚಾಯಿತು. "ನಿನ್ ಬೆರಳೇನಕ್ಕ ಒಂದರ ಮ್ಯಾಲ್ ಒಂದು ಹತ್ಕೊಂಡವೆ? ಚಳಿಯಾದದಾ ಅವ್ಕೆ?" ಎಂದು ಕೇಳಿದಳು. ನನಗೂ ನಗು ಬಂತು. ವಾಪಸು ಬರುವ ದಾರಿಯಲ್ಲಿ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅದು ನೋವಿಗೆ.

ಭಾನುವಾರ ಹುಣಸೂರಿಗೆ ಹೋಗಿ ಐದು ಅಂಗಡಿ ಸುತ್ತಿದೆ. ಎಲ್ಲ ಕಡೆಯೂ "ಡಾಕ್ಟರ್ ಚಪ್ಪಲಿ ಅದೆ ಮೇಡಂ, ಬೆಣ್ಣೆ ತರ" ಅಂದರು. ಬೆಣ್ಣೆಯೂ ಸರಿ, ಬೆರಳು ಹಿಡಿಸಬೇಕಲ್ಲ. ಹೆಂಗಸರ ಚಪ್ಪಲಿಯ ಮುಂದುಗಡೆಯನ್ನೆಲ್ಲ ಯಾಕೆ ಹೀಗೆ ಚೂಪು ಮಾಡುತ್ತಾರೋ ಕಾಣೆ. ನಮ್ಮ ಪಾದವೇನು ಚೂಪಾಗಿದೆಯಾ? ಕೊನೆಗೆ ಗಂಡಸರ ಎಂಟನೇ ನಂಬರಿನ ಸ್ಯಾಂಡಲ್ಸ್ ತಂದೆ. ಅಗಲ ಸಾಕು, ಆದರೆ ಹಿಮ್ಮಡಿ ಕಡೆ ಪಟಪಟ ಹೊಡೆಯುತ್ತದೆ. ಅಂಗಳದಲ್ಲಿ ಆ ಸದ್ದು ಕೇಳಿ ಅತ್ತೆ, "ಯಾರವ್ವ ಗಂಡಸ್ರು ಬಂದ್ರು? ನನ್ ಮಗ ಮಾದೇಶನಾ?" ಎಂದು ಎದ್ದೇ ನಿಂತರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಸದ್ದೇ ಆಧಾರ. "ನಾನೇ ಕಣತ್ತೆ" ಎಂದೆ. ಮತ್ತೆ ಆ ಸ್ಯಾಂಡಲ್ಸ್ ಹಾಕಲಿಲ್ಲ.

ಈಗ ಹೆಬ್ಬೆರಳು ವಾಲಿಕೊಂಡು ಎರಡನೇ ಬೆರಳನ್ನು ಒತ್ತುತ್ತಿದೆ. ಆ ಬೆರಳಲ್ಲಿ ಕಾಲುಂಗುರ. ಉಂಗುರ ಮಾಂಸದೊಳಗೆ ಇಳಿಯುತ್ತಿದೆ. ಏನಾದರೂ ದಾರಿ ಹೇಳಿ.

ಶ್ಯಾಮಲಾ


ಹ್ಯಾಂಡ್‌ಪೋಸ್ಟ್
19 ಜುಲೈ 2024

ಶ್ಯಾಮಲಮ್ಮನವರಿಗೆ,

ಬೈಗುಳ ಮುಟ್ಟಿತು. ಕಿವಿ ಕೇಳದಿದ್ದರೂ ಓದುವಾಗ ಕೇಳಿಸಿದ ಹಾಗಾಯಿತು.

ತಾಯಿ, ಅದು ಆಣಿ ಅಲ್ಲ. ಆಣಿ ಚರ್ಮದ್ದು, ಹೆರೆದರೆ ಹೋಗುತ್ತದೆ. ಇದು ಮೂಳೆಯದು. ಹೆಬ್ಬೆರಳ ಮೂಳೆ ಜಾಗ ಬಿಟ್ಟು ಹೊರಗೆ ಬಂದಿದೆ. ಹುಣಸೂರಲ್ಲಿದ್ದಾಗ ಇಂಥ ಕಾಲು ಇಪ್ಪತ್ತಾದರೂ ನೋಡಿದ್ದೇನೆ, ಹೆಚ್ಚಿನವು ಹೆಂಗಸರವೇ. ಎಲ್ಲರೂ ಆಣಿ ಎನ್ನುತ್ತಾರೆ, ಎಲ್ಲರೂ ಪಟ್ಟಿ ಅಂಟಿಸಿ ಸುಟ್ಟುಕೊಳ್ಳುತ್ತಾರೆ. ದಯವಿಟ್ಟು ಇನ್ನು ಬ್ಲೇಡು, ಪಟ್ಟಿ, ಸುಣ್ಣ ಏನೂ ತಾಗಿಸಬೇಡಿ.

ಸುಳ್ಳು ಹೇಳುವುದಿಲ್ಲ. ಯಾವ ಚಪ್ಪಲಿಯೂ ಅದನ್ನು ಒಳಗೆ ತಳ್ಳುವುದಿಲ್ಲ. ನನ್ನ ಕೈಲಾಗುವುದು ನೋವು ಕಡಿಮೆ ಮಾಡುವುದು ಮಾತ್ರ. ಉಂಗುಷ್ಟ ಬೇಡ. ಅದೇ ಹೆಬ್ಬೆರಳನ್ನು ಇನ್ನಷ್ಟು ಎಳೆಯುತ್ತದೆ. ಅಗಲ ಅಟ್ಟೆ, ಮೆತ್ತನೆ ಚರ್ಮದ ಎರಡು ಪಟ್ಟೆ, ಗಂಟು ಬರುವ ಕಡೆ ಪಟ್ಟೆಯಲ್ಲಿ ಕಿಟಕಿ. ನೀವು ಕಳಿಸಿದ ಅಳತೆ ಕೂತು ಬರೆದದ್ದು, ಅಲ್ಲವೇ? ಗೆರೆ ನೋಡಿದರೆ ಗೊತ್ತಾಗುತ್ತದೆ. ಕೂತಾಗ ಪಾದ ಬೇರೆ, ಭಾರ ಬಿದ್ದಾಗ ಬೇರೆ. ನಿಂತುಕೊಂಡು, ಬೇರೆಯವರ ಕೈಲಿ ಬರೆಸಿ ಕಳಿಸಿ.

ಇನ್ನೊಂದು ಮಾತು. ಕಾಲುಂಗುರ ತೆಗೆಸಿಬಿಡಿ. ಹೆಬ್ಬೆರಳು ದಿನದಿನಕ್ಕೂ ಅದರ ಮೇಲೆ ಬೀಳುತ್ತದೆ, ನಾನು ಎಷ್ಟು ಅಗಲ ಮಾಡಿದರೂ ಬೆಳ್ಳಿ ಮೆತ್ತಗಾಗುವುದಿಲ್ಲ. ತೆಗೆಸಿದರೆ ಯಾರಿಗೂ ಏನೂ ಆಗುವುದಿಲ್ಲ. ಇದನ್ನು ನಾನು ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ.

ಇಂತಿ
ಚೆಲುವಯ್ಯ


ವೀರನಹೊಸಹಳ್ಳಿ
28 ಜುಲೈ 2024

ಚೆಲುವಯ್ಯನವರೇ,

ಕಾಲುಂಗುರ ತೆಗೆಸು ಎನ್ನಲು ನೀವು ಯಾರು? ಚಪ್ಪಲಿ ಕೇಳಿದರೆ ಮುತ್ತೈದೆತನಕ್ಕೇ ಕೈ ಹಾಕುತ್ತೀರಲ್ಲ. ಕಾಗದವನ್ನು ಒಲೆಗೆ ಹಾಕೋಣವೆಂದುಕೊಂಡೆ. ಹಾಕಲಿಲ್ಲ. ಟಪಾಲಿನವಳ ಕೈಗೆ ಕಾಗದ ಸುಡಲು ಬರುವುದಿಲ್ಲ.

ನಮ್ಮ ಮನೆಯ ವಿಷಯ ನಿಮಗೆ ಅರ್ಧ ಗೊತ್ತು, ಉಳಿದರ್ಧ ಹೇಳುತ್ತೇನೆ, ಕೇಳಿ. ಮಾದೇಶ್ ಹೋಗಿ ಒಂಬತ್ತು ವರ್ಷವಾಯಿತು. ಕಾಫಿ ಕುಯ್ಲಿಗೆ ಆಳುಗಳನ್ನು ಜೀಪಿನಲ್ಲಿ ಬಿಟ್ಟು ಸಂಜೆಗೆ ಬರುತ್ತೇನೆ ಎಂದು ಹೋದವರು. ಮೂರನೇ ದಿನ ಕೇರಳ ಗಡಿಯ ಕುಟ್ಟದ ಹತ್ತಿರ ರಸ್ತೆ ಪಕ್ಕ ಜೀಪು ಸಿಕ್ಕಿತು. ಬೀಗದಕೈ ಒಳಗೇ ಇತ್ತು. ಆನೆ ಎಂದವರು ಎಷ್ಟೋ, ಕೇರಳ ಎಂದವರು ಎಷ್ಟೋ. ಪೊಲೀಸರು ಬರೆದುಕೊಂಡರು. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಂತೆ ಎಂದು ಕೋರ್ಟಿನಲ್ಲಿ ಬರೆಸಬಹುದಂತೆ. ನಾನು ಬರೆಸಲಿಲ್ಲ. ಈಗಲೂ ಬೆಳಿಗ್ಗೆ ಚೀಲ ಬಿಚ್ಚಿದರೆ ಮೊದಲು ಹುಡುಕುವುದು ಅವರ ಕೈಬರಹವನ್ನೇ. ಅಭ್ಯಾಸ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ, ಅದು ಬಲಗಾಲಿನ ಉಂಗುರಕ್ಕೆ, ಎಡಗಾಲಿನದು ಲೆಕ್ಕಕ್ಕಿಲ್ಲ. ಕಾಲುಂಗುರ ಸವೆದರೆ, ಬಿಗಿಯಾದರೆ ತೆಗೆಯಬಹುದು. ಆದರೆ ಅದೇ ದಿನ, ಒಲೆ ಹಚ್ಚುವ ಮುಂಚೆ, ಗಂಡನೇ ಹೊಸದನ್ನು ಬೆರಳಿಗೆ ಏರಿಸಬೇಕು. ಏರಿಸಲು ಗಂಡ ಬರಲಿಲ್ಲವೆಂದರೆ ಅವನಿಲ್ಲ ಎಂದೇ ಅರ್ಥ. ಅತ್ತೆಗೆ ಅದೇ ವೇದ. ಬೆಳಿಗ್ಗೆ ಎದ್ದವರೇ ನನ್ನ ಕಾಲು ತಡಕಿ, ಉಂಗುರ ಮುಟ್ಟಿ, ಆಮೇಲೆ ಕಾಫಿ ಲೋಟ ಹಿಡಿಯುತ್ತಾರೆ. "ಇದು ನಿನ್ ಕಾಲಲ್ಲಿ ಇರೋಗಂಟ ನನ್ ಮಗ ಎಲ್ಲೋ ಉಸಿರಾಡ್ತಾವ್ನೆ ಕಣವ್ವ" ಅನ್ನುತ್ತಾರೆ. ಬೇರೆ ಸಡಿಲ ಉಂಗುರ ತೂರಿಸಿ ಏಮಾರಿಸಬಹುದಲ್ಲ ಎನ್ನುತ್ತೀರಾ? ಮೂರು ಸುತ್ತಿನದು ಅದು, ನಡುವಿನ ಸುತ್ತಿನಲ್ಲಿ ಒಂದು ತಗ್ಗಿದೆ. ಆ ತಗ್ಗು ಅವರ ಬೆರಳಿಗೆ ಗೊತ್ತು.

ತವರಿನವರು ಬಾ ಎನ್ನಲಿಲ್ಲ. ಓಡಿಹೋದವನ ಹೆಂಡತಿ ಎಂದು ಊರು ಆಡಿಕೊಂಡಾಗ ಬೀದಿಯಲ್ಲಿ ನಿಂತು "ನನ್ ಮಗಳ ಸುದ್ದಿಗೆ ಬಂದ್ರೆ ಪೊರಕೆ ತಕೊಂಡು ಬತ್ತೀನಿ" ಎಂದವರು ನಮ್ಮ ಅತ್ತೆ ಪುಟ್ಟಸಿದ್ದಮ್ಮ ಒಬ್ಬರೇ. ಸೊಸೆ ಎನ್ನಲಿಲ್ಲ, ಮಗಳು ಎಂದರು. ಅಂಥವರಿಗೆ ನಾನು ಯಾವ ಬಾಯಿಂದ ಹೇಳಲಿ, ನಿಮ್ಮ ಮಗನಿಗಿಂತ ನನ್ನ ಬೆರಳು ಹೆಚ್ಚು ಎಂದು?

ಚಪ್ಪಲಿ ಬೇಡ. ಅಳತೆ ಕಳಿಸುವುದಿಲ್ಲ.

ಶ್ಯಾಮಲಾ ಮಾದೇಶ್


ಹ್ಯಾಂಡ್‌ಪೋಸ್ಟ್
20 ಆಗಸ್ಟ್ 2024

ಶ್ಯಾಮಲಮ್ಮನವರಿಗೆ,

ತಪ್ಪಾಯಿತು. ಉಂಗುರದ ಮಾತು ಇನ್ನು ಎತ್ತುವುದಿಲ್ಲ.

ಬೇಡ ಎಂದರೂ ಚಪ್ಪಲಿ ಮಾಡಿದ್ದೇನೆ. ನಿಂತ ಅಳತೆ ನೀವು ಕಳಿಸಲಿಲ್ಲ, ಹದಿನಾರು ವರ್ಷ ನೋಡಿದ ಕಾಲು ಎಂಬ ಧೈರ್ಯದ ಮೇಲೆ ಅಂದಾಜಿನಲ್ಲಿ ಕತ್ತರಿಸಿದೆ. ಮೇಕೆ ಚರ್ಮ, ಎರಡು ದಿನ ಎಣ್ಣೆಯಲ್ಲಿ ಮೆತ್ತಗೆ ಮಾಡಿದ್ದು. ಗಂಟಿಗೆ ಕಿಟಕಿ ಇದೆ. ಎರಡನೇ ಬೆರಳ ಮೇಲೆ ಪಟ್ಟೆ ತಾಗದ ಹಾಗೆ ಕಮಾನು ಎತ್ತಿದ್ದೇನೆ. ಕಣ್ಣು ಮೊದಲಿನಷ್ಟು ಚುರುಕಿಲ್ಲ, ಹೊಲಿಗೆ ಸೊಟ್ಟಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹಣ ಕಳಿಸಬೇಡಿ. ಕಳಿಸಿದರೆ ವಾಪಸು ಬರುತ್ತದೆ.

ಚೆಲುವಯ್ಯ


ವೀರನಹೊಸಹಳ್ಳಿ
22 ಸೆಪ್ಟೆಂಬರ್ 2024

ಚೆಲುವಯ್ಯನವರಿಗೆ,

ಒಂದು ತಿಂಗಳು ಬಿಗುಮಾನ ಮಾಡಿಕೊಂಡು ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ನನಗೆ ನಿಮ್ಮ ಹೊರತು ಬೇರೆ ಗತಿಯಿಲ್ಲ.

ಮೊದಲು ಚಪ್ಪಲಿಯ ವಿಷಯ. ಅಯ್ಯೋ, ಏನೆಂದು ಹೇಳಲಿ! ಕಾಲಿಟ್ಟರೆ ಕಾಲು ಇದೆ ಎನ್ನುವುದೇ ಮರೆತುಹೋಯಿತು. ಹಾಡಿಗೆ ಹೋಗಿ ಬಂದೆ, ಇನ್ನೊಂದು ಸುತ್ತು ಹೋಗಲೇ ಅನ್ನಿಸಿತು. ಕೆಂಚಿ ಕೂಡ ಒಮ್ಮೆ ಕಾಲು ತೂರಿಸಿ ನೋಡಿ, "ಥೂ, ನೆಲನೇ ಗೊತ್ತಾಗಲ್ವಲ್ಲಕ್ಕ" ಎಂದು ಕಿತ್ತುಕೊಟ್ಟಳು. ಹನ್ನೊಂದು ದಿನ ಹಾಗೆ ನಡೆದೆ. ಎಣಿಸಿದ್ದೇನೆ.

ಹನ್ನೆರಡನೇ ದಿನ ಉಂಗುರದ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಚಪ್ಪಲಿಯ ತಪ್ಪಲ್ಲ. ಹೆಬ್ಬೆರಳು ಅದರ ಮೇಲೆ ಪೂರ್ತಿ ಹತ್ತಿ ಕೂತಿದೆ, ಬೆಳ್ಳಿ ಕಾಣುವುದೇ ಇಲ್ಲ, ಎರಡೂ ಕಡೆ ಮಾಂಸ ಉಬ್ಬಿದೆ. ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, ಗಂಟಿಗೆ ಮೈಸೂರಲ್ಲಿ ಆಪರೇಷನ್ ಮಾಡುತ್ತಾರೆ, ಅದು ಆಮೇಲಿನ ಮಾತು, ಮೊದಲು ಉಂಗುರ ಹೋಗಬೇಕು ಎಂದರು. "ಇಲ್ಲೇ ಕಟ್ ಮಾಡ್ತೀನಿ, ಎರಡು ನಿಮಿಷ." ನಾನು ಕಾಲು ಎಳೆದುಕೊಂಡೆ. ಅವರಿಗೆ ಸಿಟ್ಟು ಬಂತು. "ತಡ ಮಾಡಿದ್ರೆ ಬೆರಳು ಉಳಿಯಲ್ಲ ನೋಡಿ. ನಿಮ್ಮಿಷ್ಟ" ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಯೋಚಿಸಿದೆ. ಬೆರಳು ಹೋದರೆ ನಡಿಗೆ ಹೋಯಿತು, ನಡಿಗೆ ಹೋದರೆ ಚೀಲ ಹೋಯಿತು, ಚೀಲ ಹೋದರೆ ಅತ್ತೆಗೂ ನನಗೂ ಅನ್ನ ಎಲ್ಲಿ? ಸರಿ, ತೆಗೆಸಿಬಿಡೋಣ, ಅತ್ತೆಗೆ ಏನೋ ಒಂದು ಹೇಳೋಣ ಎಂದು ಗಟ್ಟಿ ಮಾಡಿಕೊಂಡೆ. ಆದರೆ ಆಸ್ಪತ್ರೆ ಕತ್ತರಿ ಬೇಡ, ಮಾಡಿದವರ ಕೈಯಿಂದಲೇ ಹೋಗಲಿ ಎಂದು ಆ ಉಂಗುರ ಮಾಡಿಕೊಟ್ಟ ಪ್ರಭುಸ್ವಾಮಿ ಆಚಾರರ ಅಂಗಡಿಗೆ ಕುಂಟಿಕೊಂಡು ಹೋದೆ. ಮಣೆ ಹಾಕಿ ಕೂರಿಸಿದರು. ಸಣ್ಣ ಗರಗಸ ತೆಗೆದರು. ತೆಗೆದು, "ಕೇಳ್ಬೇಕಾದ್ದು ಕೇಳ್ತೀನಿ ತಾಯಿ. ಯಜಮಾನ್ರು ಇದ್ದಾರಾ, ಇಲ್ವಾ?" ಅಂದರು.

ಇದ್ದಾರೆ ಎಂದರೆ, ಅವರನ್ನು ಕರಕೊಂಡು ಬನ್ನಿ, ಹೊಸದು ಹಾಕಿಸುವ ಎನ್ನುತ್ತಾರೆ. ಇಲ್ಲ ಎಂದರೆ ಕೊಯ್ದುಕೊಡುತ್ತಾರೆ. ಒಂದೇ ಒಂದು ಮಾತು ಬೇಕಿತ್ತು. "ಗೊತ್ತಿಲ್ಲ" ಎಂದೆ. ಅವರು ಗರಗಸ ಕೆಳಗಿಟ್ಟರು. "ಗೊತ್ತಿಲ್ಲ ಅಂದ್ರೆ ನಾನೆಂಗವ್ವ ಕುಯ್ಯಲಿ? ಆ ಪಾಪ ನನ್ ಕೈಗೆ ಬೇಡ" ಅಂದರು.

ಚೆಲುವಯ್ಯನವರೇ, ನೀವು ಕೂತಿರುವುದು ನಾಲ್ಕು ದಾರಿ ಸೇರುವ ಕಡೆ. ಕೇರಳದಿಂದ, ಕೊಡಗಿನಿಂದ ಬರುವ ಡ್ರೈವರುಗಳು ನಿಮ್ಮ ಹತ್ತಿರ ಚಪ್ಪಲಿ ಹೊಲಿಸುತ್ತಾರೆ. ಯಾರನ್ನಾದರೂ ಕೇಳಿಸಿ. ಮಗಳ ಕೈಲಿ ಕೇಳಿಸಿ. ಮಾದೇಶ್ ಎಂದು, ಜೀಪು ಓಡಿಸುತ್ತಿದ್ದವರು, ಎಡಗಾಲು ಸ್ವಲ್ಪ ಹೊರಗೆ ಎಸೆದು ನಡೆಯುತ್ತಾರೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಬರೆದುಬಿಡಿ. ನಿಜ ಹೇಳಲೇ? ಕೆಟ್ಟದ್ದೇ ಆದರೂ ಆಗಲಿ ಎಂದು ಮನಸ್ಸು ಕೇಳುತ್ತಿದೆ. ಸತ್ತಿದ್ದಾರೆ ಎಂದರೆ ಅಳುತ್ತೇನೆ, ಅತ್ತೆಯನ್ನು ತಬ್ಬಿಕೊಂಡು ಅಳುತ್ತೇನೆ, ಮಾರನೇ ದಿನ ಕಾಲು ಬಿಡುಗಡೆಯಾಗುತ್ತದೆ. ಇಂಥದ್ದನ್ನು ಬರೆದದ್ದಕ್ಕೆ ದೇವರು ಬೆರಳಲ್ಲ, ಕಾಲನ್ನೇ ಕಿತ್ತುಕೊಳ್ಳಲಿ.

ಬೇಗ ಬರೆಯಿರಿ.

ಶ್ಯಾಮಲಾ


ಹ್ಯಾಂಡ್‌ಪೋಸ್ಟ್
6 ಅಕ್ಟೋಬರ್ 2024

ಶ್ಯಾಮಲಮ್ಮನವರಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಯಾರನ್ನೂ ಕೇಳಿಸಬೇಕಾಗಿಲ್ಲ. ನನಗೆ ಮೊದಲೇ ಗೊತ್ತಿತ್ತು.

ನಾನು ಇಲ್ಲಿಗೆ ಬಂದ ಹೊಸದು, ಶಿವರಾತ್ರಿಯ ಆಸುಪಾಸು. ಒಂದು ಜೊತೆ ಗಂಡಸರ ಎಕ್ಕಡ ನನ್ನ ಮುಂದೆ ಬಿತ್ತು. ಎಡಗಡೆಯದರ ಹಿಮ್ಮಡಿ ಹೊರಮಗ್ಗುಲಿಗೆ ಸವೆದಿತ್ತು. ಹುಣಸೂರಿನಲ್ಲಿ ಆ ಸವೆತಕ್ಕೆ ನಾನೇ ಎಷ್ಟೋ ಸಲ ಟೈರಿನ ತುಂಡು ಹೊಡೆದಿದ್ದೇನೆ. ತಲೆ ಎತ್ತಿ ನೋಡಿದೆ, ನಿಮ್ಮ ಯಜಮಾನರು. ಮೈ ತುಂಬಿದ್ದಾರೆ, ಮೀಸೆ ಬೋಳಿಸಿದ್ದಾರೆ. ಪಕ್ಕದಲ್ಲಿ ಒಬ್ಬ ಹೆಂಗಸು. ಅವಳಿಗೂ ಕಾಲುಂಗುರ.

ಅವರಿಗೂ ನನ್ನ ಗುರುತು ಹತ್ತಿತು. ಹೆಂಗಸನ್ನು ಬೇಕರಿಗೆ ಕಳಿಸಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಕಣ್ಣಲ್ಲಿ ನೀರು ಬಂತು, ಎರಡು ಸಲ ಕೈ ಮುಗಿದರು. ತಾಯಿ, ನನಗೆ ಒಂದಕ್ಷರ ಕೇಳಲಿಲ್ಲ. ನನ್ನ ಕಿವಿ ಪೂರ್ತಿ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಕೇಳುವುದಿಲ್ಲ ಎಂದು ಸನ್ನೆ ಮಾಡಲು ಕೈ ಎತ್ತುವಷ್ಟರಲ್ಲಿ ಆ ಹೆಂಗಸು ಬಂದಳು, ಅವರು ಎದ್ದರು. ಯಾಕೆ ಹೋದರು, ನಿಮ್ಮ ಬಗ್ಗೆ ಏನು ಹೇಳಿದರು, ಯಾವ ಊರಲ್ಲಿದ್ದಾರೆ, ಒಂದೂ ನಾನು ಕಾಣೆ.

ಆಗಸ್ಟಿನಲ್ಲಿ ಮತ್ತೆ ಬಂದರು, ಅವಳಿಗೆ ಹೊಸ ಚಪ್ಪಲಿ ಮಾಡಿಸಲು. ಈ ಸಲ ಮೊದಲೇ ನಾನು ಕಿವಿ ಕೇಳುವುದಿಲ್ಲ ಎಂದು ಸನ್ನೆ ಮಾಡಿದೆ. ಅವಳ ಎರಡನೇ ಬೆರಳು ತೋರಿಸಿ, ಉಂಗುರ ತೋರಿಸಿ, ಇಲ್ಲಿ ಸಡಿಲ ಇರಲಿ, ಒತ್ತಬಾರದು ಎಂದು ಕೈಯಲ್ಲೇ ಹೇಳಿದರು. ಆಗ ನನ್ನ ಮಡಿಲಲ್ಲಿ ಇದ್ದದ್ದು ನಿಮ್ಮ ಚಪ್ಪಲಿ. ಕಮಾನು ಎತ್ತುತ್ತಿದ್ದೆ. ಅದನ್ನು ಕಂಡು, ಹೀಗೇ ಮಾಡಿ ಎಂದು ತಲೆ ಆಡಿಸಿದರು. ನಾನು ಮಾಡಿಕೊಡುವುದಿಲ್ಲ ಎಂದು ಕೈ ಆಡಿಸಿ ಕಳಿಸಿಬಿಟ್ಟೆ. ಅದಕ್ಕಿಂತ ಹೆಚ್ಚಿಗೆ ನನ್ನ ಕೈಲಿ ಏನೂ ಆಗಲಿಲ್ಲ.

ಜುಲೈನಲ್ಲಿ ಕಾಲುಂಗುರ ತೆಗೆಸಿ ಎಂದು ನಾನು ಬರೆದದ್ದು ಶಿವರಾತ್ರಿಯಲ್ಲಿ ಕಂಡದ್ದರ ಹೊಟ್ಟೆಯುರಿಗೆ. ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಹೇಳದಿದ್ದದ್ದು ನನ್ನ ತಪ್ಪು, ಈಗ ಹೇಳುವುದೂ ತಪ್ಪೇ ಇರಬೇಕು. ನೀವು ಕೇಳಿದ್ದು ಇದ್ದಾರಾ ಇಲ್ಲವಾ ಎಂದು. ಇದ್ದಾರೆ ತಾಯಿ. ಚೆನ್ನಾಗಿದ್ದಾರೆ.

ಚೆಲುವಯ್ಯ


ವೀರನಹೊಸಹಳ್ಳಿ
8 ನವೆಂಬರ್ 2024

ಚೆಲುವಯ್ಯನವರಿಗೆ,

ನಿಮ್ಮ ಮೇಲೆ ಸಿಟ್ಟಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಊಟ ಬಿಡುತ್ತೀರಿ.

ಕಾಗದವನ್ನು ಹಾಡಿಯ ದಾರಿಯಲ್ಲಿ ಓದಿದೆ. ಮೊದಲು ಬಂದದ್ದು ನಗು. ಒಂಬತ್ತು ವರ್ಷಕ್ಕೆ ಒಂದು ಸಲ ಆ ಮನುಷ್ಯ ಬಾಯಿ ಬಿಟ್ಟರು, ಅದೂ ಕಿವಿ ಕೇಳದವರ ಮುಂದೆ! ನಾನು ಕೇಳಬೇಕಾಗಿದ್ದ ಮಾತೆಲ್ಲ ಹ್ಯಾಂಡ್‌ಪೋಸ್ಟಿನ ಬಸ್ಸಿನ ಹಾರನ್ನಿನಲ್ಲಿ ಹೋಯಿತು. ಆಮೇಲೆ ಕಾಗದವನ್ನು ಮತ್ತೆ ಓದಿದೆ. ಅವಳ ಬೆರಳು ಒತ್ತಬಾರದಂತೆ! ಯಾರ ಬೆರಳೂ ಒತ್ತದ ಹಾಗೆ ನೋಡಿಕೊಳ್ಳುವ ಬುದ್ಧಿ ಈ ಗಂಡಸಿಗೆ ಇತ್ತಲ್ಲ, ಅದು ನನ್ನ ಪಾಲಿಗೆ ಯಾಕೆ ಬರಲಿಲ್ಲ ಎಂದು ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಮನೆಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ನಾಳೆಯೇ ಆಸ್ಪತ್ರೆ, ನಾಳೆಯೇ ಕತ್ತರಿ, ಉಂಗುರವನ್ನು ಚರಂಡಿಗೆ ಎಸೆಯುತ್ತೇನೆ. ಅತ್ತೆಗೂ ಹೇಳಿಬಿಡುತ್ತೇನೆ, ನಿಮ್ಮ ಮಗನ ಯೋಗ್ಯತೆ ಇಷ್ಟು ಎಂದು. ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ನಿಂತು ಹೇಳಿದೆ, "ಅತ್ತೆ, ನಿಮ್ಮ ಮಗ ಬದುಕವ್ರೆ. ಇನ್ನೊಬ್ಬಳನ್ನ ಕಟ್ಕೊಂಡು ಸುಖವಾಗವ್ರೆ."

ಅವರಿಗೆ ಕೇಳಿಸಿದ್ದು ಮೊದಲಿನ ಮಾತು ಮಾತ್ರ. ಮೊರ ಕೈಜಾರಿತು. "ಬದುಕವ್ನಾ? ಬದುಕವ್ನಾ ನನ್ ಕಂದ?" ಎಂದು ಎದೆ ಎದೆ ಬಡಿದುಕೊಂಡು ನಕ್ಕರು. ಎಪ್ಪತ್ತೆಂಟು ವರ್ಷದ ಮುದುಕಿ ಗೋಡೆ ತಡಕಿಕೊಂಡೇ ಬೀದಿಗೆ ಓಡಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಮಾದಪ್ಪನ ಗುಡಿಯಲ್ಲಿ ಕಾಯಿ ಒಡೆಸಿದರು. ನಾನು ಹಿಂದೆ ಹಿಂದೆ ಹೋಗಿ, "ಇನ್ನೊಬ್ಬಳು ಅವ್ಳೆ ಅಂದ್ನಲ್ಲತ್ತೆ" ಎಂದೆ. "ಇದ್ರೆ ಇರ್ಲಿ ಬುಡವ್ವ, ಉಸಿರಾಡ್ತಾವ್ನಲ್ಲ" ಎಂದರು.

ಆಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಕಂಚಿನ ತಟ್ಟೆಯಲ್ಲಿ ನನ್ನ ಬಲಗಾಲು ಇಟ್ಟು ನೀರು ಹೊಯ್ದರು. ಅರಿಶಿನ ಕಲಸಿ ಆ ಬೆರಳಿಗೆ ಹಚ್ಚಿದರು. ಕಣ್ಣು ಕಾಣುವುದಿಲ್ಲ, ಬೆರಳು ಕಪ್ಪಗಾಗಿರುವುದು ಅವರಿಗೆ ಗೊತ್ತೇ ಇಲ್ಲ. ಉಂಗುರ ಸಿಗುವ ತನಕ ಮಾಂಸ ಸರಿಸಿ ಸರಿಸಿ ಒತ್ತಿ ಹಚ್ಚಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. "ಈ ಕಾಲೇ ಕಣವ್ವ ಅವನನ್ನ ಕಾಯ್ದಿದ್ದು. ನೀನು ತಗ್ದಿದ್ರೆ ಅವ ಉಳೀತಿದ್ನಾ?" ಎಂದು ಹಣೆಯನ್ನು ನನ್ನ ಪಾದಕ್ಕೆ ಒತ್ತಿ ಅತ್ತರು. ಆ ಕಣ್ಣೀರು ಪಾದದ ಮೇಲೆ ಬೀಳುವಾಗ ಕತ್ತರಿಯ ಮಾತು ನನ್ನ ಬಾಯಿಂದ ಬರಲಿಲ್ಲ. ಸತ್ತಿದ್ದರೆ ತೆಗೆಯಬಹುದಿತ್ತು. ಇಲ್ಲವೋ ಇದ್ದಾರೋ ಗೊತ್ತಿಲ್ಲದಿದ್ದಾಗಲೂ ಹೇಗೋ ಒಂದು ದಿನ ತೆಗೆಯುತ್ತಿದ್ದೆ. ಈಗ ಇಡೀ ಊರಿಗೇ ಗೊತ್ತು ನಾನು ಮುತ್ತೈದೆ ಎಂದು. ದೀಪಾವಳಿಗೆ ಮೂರು ಮನೆಯವರು ಅರಿಶಿನ ಕುಂಕುಮಕ್ಕೆ ಕರೆದರು. ಒಂಬತ್ತು ವರ್ಷದಲ್ಲಿ ಒಬ್ಬರೂ ಕರೆದಿರಲಿಲ್ಲ.

ಅತ್ತೆ ಈಗ ದಿನಾ ಬಾಗಿಲಲ್ಲಿ ಕೂತಿರುತ್ತಾರೆ. ಹ್ಯಾಂಡ್‌ಪೋಸ್ಟ್ ಎಂದರೆ ಎರಡು ಗಂಟೆ ದಾರಿ, ಇವತ್ತಲ್ಲ ನಾಳೆ ಬಂದೇ ಬರುತ್ತಾನೆ ಎನ್ನುತ್ತಾರೆ. ಮಾದೇಶ್ ಬರುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಇನ್ನು ಉಂಗುರ ಕತ್ತರಿಸಿ ಪ್ರಯೋಜನವಿಲ್ಲ, ಬೆರಳನ್ನೇ ತೆಗೆಯಬೇಕು ಎಂದರು ಡಾಕ್ಟರಮ್ಮ. ಸೋಮವಾರ ಮೈಸೂರಿಗೆ ಹೋಗಲು ಚೀಟಿ ಬರೆದುಕೊಟ್ಟಿದ್ದಾರೆ. ಚೀಲವನ್ನು ಒಪ್ಪಿಸಿ ರಜೆ ಬರೆದುಕೊಟ್ಟೆ. ವಾಪಸು ನನ್ನ ಕೈಗೆ ಬರುತ್ತದೆ ಎಂಬ ನಂಬಿಕೆ ಇಲ್ಲ.

ಇವತ್ತು ಬೆಳಿಗ್ಗೆ ಅತ್ತೆ ಕಾಲು ತಡಕುವಾಗ ಕೇಳಿದೆ, "ಅತ್ತೆ, ಈ ಬೆರಳೇ ಹೋದ್ರೆ ಉಂಗುರ ಏನ್ ಮಾಡದು?"

ಅವರು ಯೋಚನೆಯನ್ನೇ ಮಾಡಲಿಲ್ಲ. ಉಂಗುರ ಸವರುತ್ತಾ, "ಅದಕ್ಯಾಕ್ ಅಳ್ತೀಯೆ ಬುಡವ್ವ, ಪಕ್ಕದ ಬೆರಳಿಗೆ ಆಕ್ತಾನೆ. ಬರ್ಲಿ ಅವನು" ಎಂದರು.

ಶ್ಯಾಮಲಾ